ಬಿಸಿಲು ಕಂಡ ಮ್ವಾಲಿ

ಹದಿನಾರು ವರ್ಷದ ನನ್ನ ಅಕ್ಕ ಮ್ವಾಜಬು ಕತ್ತಲೆಮನೆಯಲ್ಲಿ ಕುಳಿತು ಒಂಬತ್ತನೆಯ ತಿಂಗಳು ನಡೆಯುತ್ತಿತ್ತು. ಅವಳನ್ನು ಹೊರಗೆ ಕರೆತರಬೇಕಾದವರು ನಮ್ಮ ಅಜ್ಜಿಯರು. ತಂದದ್ದು ಸರಕಾರ.

ಉಲುಗುರು ಬೆಟ್ಟದಲ್ಲಿ ಮೈನೆರೆದ ಹುಡುಗಿಯನ್ನು ಒಳಗೆ ಕೂರಿಸುತ್ತೇವೆ. ಆಗ ಅವಳು ಮ್ವಾಲಿ. ಬಿಸಿಲಾಗಲಿ ಗಂಡಸಾಗಲಿ ಅವಳನ್ನು ಕಾಣಬಾರದು. ಹಿರಿಯ ಹೆಂಗಸರು ಒಳಗೆ ಹೋಗಿ ಬದುಕಿನ ಪಾಠ ಹೇಳುತ್ತಾರೆ. ದಿನ ಕೂಡಿ ಬಂದಾಗ ಡೋಲು ಬಾರಿಸಿ, ಎಣ್ಣೆ ಹಚ್ಚಿ, ಹೊಸ ಬಟ್ಟೆ ಉಡಿಸಿ, ಹೆಗಲ ಮೇಲೆ ಕೂರಿಸಿ ಊರಿಗೆಲ್ಲ ತೋರಿಸುತ್ತಾರೆ. ಅಂದಿನಿಂದ ಅವಳು ಹೆಂಗಸು. ಆ ಡೋಲು ಕೇಳದವಳು ತಲೆ ನರೆತರೂ ಹುಡುಗಿಯೇ. ಈ ಪದ್ಧತಿ ಸರಿಯೇ ಎಂದು ಕೇಳುವವರಿದ್ದಾರೆ. ನಾನೂ ಕೇಳಿದ್ದೇನೆ. ಕೇಳುವ ಹಕ್ಕು ನಮ್ಮದು. ಥರ್ಲೋನದಲ್ಲ.

ಥರ್ಲೋ ಬಿಳಿಯರ ಕಾಲದ ಕೃಷಿ ಅಧಿಕಾರಿ. ಬೆಟ್ಟದ ಮಣ್ಣು ಕೊಚ್ಚಿಹೋಗುತ್ತಿದೆ, ಆದ್ದರಿಂದ ಬೆಟ್ಟವನ್ನೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು ಎಂಬುದು ಅವನ ಯೋಜನೆ. ಜನ ಅವನಿಗೆ ಮೆಟ್ಟಿಲ ಸಾಹೇಬ ಎಂದು ಹೆಸರಿಟ್ಟಿದ್ದರು. ವಾರದಲ್ಲಿ ಮೂರು ದಿನ ಪ್ರತಿ ಮನೆಯವರೂ ಗುದ್ದಲಿ ಹಿಡಿದು ಬರಬೇಕು. ಕೂಲಿಯಿಲ್ಲ. ಬಾರದವರಿಗೆ ಜೈಲು. ಆ ವಾರ ನಮ್ಮ ಅವ್ವ ಕಡಿದಾದ ಜಾಗದಲ್ಲಿ ಅಗೆಯುತ್ತ ತನ್ನ ಕಾಲಿನ ಮೇಲೆಯೇ ಗುದ್ದಲಿ ಹಾಕಿಕೊಂಡಿದ್ದಳು. ಪಾದ ಕುಂಬಳಕಾಯಿಯಂತೆ ಊದಿತ್ತು. ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ.

ಥರ್ಲೋ ಅಂಗಳಕ್ಕೆ ಬಂದ. ಮಡಚುವ ಕುರ್ಚಿಯ ಮೇಲೆ ಕುಳಿತ. ಜೊತೆಗೆ ಇಬ್ಬರು ಪೇದೆಗಳು, ಮತ್ತು ಮೆಟ್ಟಿಲು ಕೆಲಸದ ಮೇಸ್ತ್ರಿ ಕೊಬೆಲೊ. ಕೊಬೆಲೊ ನಮ್ಮ ಊರಿನವನೇ.

"ಬ್ವಾನ, ದೊರೆ, ಒಳಗೊಬ್ಬಳಿದಾಳೆ," ಎಂದವನೂ ಅವನೇ.

ಅವ್ವ ತೆವಳಿಕೊಂಡು ಬಂದು ಹೊಸ್ತಿಲಿಗೆ ಅಡ್ಡ ಮಲಗಿದಳು. "ಅವಳು ಮ್ವಾಲಿ ಕಣೋ ಕೊಬೆಲೊ. ನಿನ್ನ ಬೆನ್ನಿಗೂ ತಂಗೀರು ಹುಟ್ಟಿಲ್ವೇನೋ? ಬೇಕಾದ್ರೆ ನನ್ನೇ ಎಳ್ಕೊಂಡು ಹೋಗು. ಕೂತ್ಕೊಂಡೇ ಅಗೀತೀನಿ."

ಥರ್ಲೋ ನಮ್ಮ ಭಾಷೆಯನ್ನು ಚೆನ್ನಾಗಿ ಕಲಿತಿದ್ದ. ಗದರಲಿಲ್ಲ. ನಗುತ್ತಲೇ ಹೇಳಿದ: "ಗಟ್ಟಿಮುಟ್ಟಾದ ಹುಡುಗಿ ಕತ್ತಲಲ್ಲಿ ಸುಮ್ಮನೆ ಕೂತಿದಾಳಾ? ಬಿಸಿಲಿಗೆ ಬರ್ಲಿ ತಾಯಿ. ಮೈಗೆ ಒಳ್ಳೇದು."

ಪೇದೆಗಳು ಅವ್ವನನ್ನು ದಾಟಿಕೊಂಡು ಒಳಹೊಕ್ಕರು.

ಅಕ್ಕನ ಕಣ್ಣು ಬೆಳಕಿಗೆ ತೆರೆಯಲಿಲ್ಲ. ನೀರು ಸುರಿಯುತ್ತಿತ್ತು. ತಿಂಗಳುಗಟ್ಟಲೆ ನೆಲದಲ್ಲಿ ನಡೆಯದ ಅಂಗಾಲು ಬಾಳೆಹಣ್ಣಿನಂತೆ ಮೆತ್ತಗಾಗಿತ್ತು. ಕಲ್ಲುದಾರಿಯಲ್ಲಿ ಅವಳನ್ನು ನಡೆಸಿದರು. ಗುದ್ದಲಿ ಕೊಟ್ಟರು. ಸುತ್ತ ಗಂಡಸರು ಅಗೆಯುತ್ತಿದ್ದರು. ಹೆಂಗಸರು ಅವಳ ಕಡೆಗೆ ಬೆನ್ನು ತಿರುಗಿಸಿದರು, ಡೋಲಿಲ್ಲದೆ ಬಂದ ಮ್ವಾಲಿಯ ಮುಖ ನೋಡಬಾರದೆಂದು. ಮಧ್ಯಾಹ್ನದ ಹೊತ್ತಿಗೆ ಅವಳ ಅಂಗೈಯ ಬೊಬ್ಬೆಗಳೊಡೆದು ಗುದ್ದಲಿಯ ಕಾವು ಕೆಂಪಾಗಿತ್ತು. ಕೊಬೆಲೊ ಮೇಲಿನ ಸಾಲಿನಲ್ಲಿ ನಿಂತು ಕೂಗುತ್ತಿದ್ದ: "ಅಂಚು ನೇರವಾಗ್ಲಿ! ಅಂಚು ಒಡೀಬೇಡಿ!"

ಅವರು ಕಡಿಸಿದ ಮೆಟ್ಟಿಲುಗಳಲ್ಲಿ ಕಪ್ಪು ಮಣ್ಣು ಕೆಳಗೆ ಹೂತುಹೋಗಿ ಅಡಿಯ ಕೆಂಪು ಮಣ್ಣು ಮೇಲೆ ಬಂತು. ಮೆಕ್ಕೆಜೋಳ ಮೊಣಕಾಲೆತ್ತರಕ್ಕೆ ಬಂದು ಹಳದಿಯಾಗಿ ನಿಂತುಬಿಟ್ಟಿತು. ಹಸಿವು ಬಂತು. ಹಸಿದ ಬೆಟ್ಟ ತಿರುಗಿಬಿತ್ತು. ಯೋಜನೆ ನಿಂತಿತು. ಕೆಲವು ವರ್ಷಗಳಲ್ಲಿ ಸ್ವಾತಂತ್ರ್ಯವೂ ಬಂತು. ಥರ್ಲೋ ತನ್ನ ದೇಶಕ್ಕೆ ಹೋದ. ಅವನ ಪಿಂಚಣಿ ಅವನ ಬೆನ್ನಿಗೇ ಹೋಯಿತು, ನಮ್ಮ ಬೊಕ್ಕಸದಿಂದ.

ಅಕ್ಕನಿಗೆ ಡೋಲು ಸಿಗಲಿಲ್ಲ. ಮ್ವಾಲಿಯರಿಗೆ ಪಾಠ ಹೇಳುವ ಹಿರಿಯಳಾದ ಸಿಕುಜುವಾ ಅಜ್ಜಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದಳು: "ಬಿಸಿಲು ಕಂಡವಳನ್ನ ಮತ್ತೆ ಒಳಗೆ ಕೂರಿಸೋಕಾಗಲ್ಲ. ಒಳಗಿಲ್ಲದವಳನ್ನ ಹೊರಗೆ ತರೋಕಾಗಲ್ಲ." ಯಾವ ಮನೆಯಿಂದಲೂ ಅವಳನ್ನು ಕೇಳಿಕೊಂಡು ಬರಲಿಲ್ಲ. ಊರಿನ ಯಾವ ಸಭೆಯಲ್ಲೂ ಅವಳಿಗೆ ಹೆಂಗಸರ ಚಾಪೆಯಲ್ಲಿ ಜಾಗವಿಲ್ಲ. ಮಕ್ಕಳ ಚಾಪೆಯೇ ಗತಿ. ಬೇರೆ ಹುಡುಗಿಯರ ಶಾಸ್ತ್ರ ನಡೆವಾಗ ಇವಳು ಅಂಗಳದಲ್ಲಿ ಕೂತು ಮರಗೆಣಸು ಸುಲಿಯಬೇಕು. ಬಿಳಿಯ ಅಧಿಕಾರಿ ಮಾಡಿದ್ದು ಒಂದು ದಿನದ ಅನ್ಯಾಯ. ಅದನ್ನು ದಿನದಿನವೂ ಮುಂದುವರಿಸಿದವರು ನಾವು.

ಸ್ವಾತಂತ್ರ್ಯ ಬಂದು ಏಳನೆಯ ವರ್ಷ ರಾಜಧಾನಿಯಲ್ಲಿ ಬಿಳಿಯ ಅಧಿಕಾರಿಗಳ ಈ ಪಿಂಚಣಿಯ ಚರ್ಚೆ ಶುರುವಾಯಿತು. ಅಂಗಡಿಯ ರೇಡಿಯೋದ ಸುತ್ತ ನಾವೆಲ್ಲ ನಿಂತು ಕೇಳುತ್ತಿದ್ದೆವು. ಅಧಿಕಾರ ವಹಿಸಿಕೊಂಡ ದಿನವೇ ಒಪ್ಪಂದಕ್ಕೆ ಸಹಿ ಹಾಕಿದ್ದೇವೆ, ಕೊಟ್ಟ ಮಾತಿಗೆ ತಪ್ಪಿದರೆ ನಾಳೆ ನಮ್ಮನ್ನು ಯಾರು ನಂಬುತ್ತಾರೆ, ಯಾರು ಸಾಲ ಕೊಡುತ್ತಾರೆ ಎಂದು ಒಂದು ಪಕ್ಷ. ತಮ್ಮ ದೊರೆಗಾಗಿ ನಮ್ಮನ್ನು ಆಳಿದವರಿಗೆ ಅವರ ದೊರೆಯೇ ಉಣಿಸಲಿ ಎಂದು ಇನ್ನೊಂದು ಪಕ್ಷ. ದೊಡ್ಡ ಮಾತುಗಳು. ಅವುಗಳಲ್ಲಿ ನಮ್ಮ ಬೆಟ್ಟದ ಹೆಸರಿರಲಿಲ್ಲ.

ಹೆಸರು ತರಲು ನಮ್ಮ ಸಂಸತ್ ಸದಸ್ಯ ಲುಕಾಲಿ ಬಂದ. ಶಾಲೆಯ ಮುಂದಿನ ಮಾವಿನ ಮರದ ಕೆಳಗೆ ಸಭೆ. ಪಕ್ಕದಲ್ಲಿ ಪಕ್ಷದ ಸ್ಥಳೀಯ ಅಧ್ಯಕ್ಷ. ಅಧ್ಯಕ್ಷ ಯಾರು? ಅದೇ ಕೊಬೆಲೊ. ಟೋಪಿ ಬದಲಾಗಿತ್ತು, ಅಷ್ಟೇ.

"ಬಂಧುಗಳೇ, ಮುಂದಿನ ವಾರ ದೊಡ್ಡ ಅತಿಥಿಗಳು ಬರ್ತಿದಾರೆ," ಎಂದ ಲುಕಾಲಿ. "ಪೆನ್ಶನ್ ವಿಚಾರ ಮಾತಾಡೋಕೆ ಬಿಳಿಯರ ದೇಶದಿಂದ ಇಬ್ರು. ಅವರ ಜೊತೆ ನಿಮ್ಮ ಹಳೇ ಸಾಹೇಬ್ರು ಥರ್ಲೋ. ಮೆಟ್ಟಿಲುಗಳನ್ನ ನೋಡ್ತಾರೆ. ಪತ್ರಿಕೆಯೋರು ಫೋಟೋ ತೆಗೀತಾರೆ. ಆ ಫೋಟೋ ಹಿಡ್ಕೊಂಡು ನಾನು ಸಂಸತ್ತಲ್ಲಿ ಎದ್ದು ನಿಂತು ಹೇಳ್ತೀನಿ, ನೋಡಿ, ಇವರ ದುಡಿಮೆಯ ಫಲ ನಮ್ಮ ಜನ ಇವತ್ತಿಗೂ ಉಣ್ತಿದಾರೆ ಅಂತ. ಒಪ್ಪಂದ ಉಳಿದ್ರೆ ಸಾಲ ಉಳಿಯುತ್ತೆ. ಸಾಲ ಉಳಿದ್ರೆ ಈ ಬೆಟ್ಟಕ್ಕೆ ರಸ್ತೆ ಬರುತ್ತೆ."

ಮೆಟ್ಟಿಲುಗಳು ಎಲ್ಲಿದ್ದವು? ಹುಲ್ಲು ಮುಚ್ಚಿ, ಅಂಚು ಕುಸಿದು, ಅರ್ಧ ಬೆಟ್ಟದಲ್ಲಿ ಕಲೆಗಳಂತೆ ಉಳಿದಿದ್ದವು.

ನಮ್ಮ ಸೋದರಮಾವ ಬಾಂಜಿ ಕೋಲೂರಿ ಎದ್ದ. "ಎಂಪಿ ಸಾಹೇಬ್ರೇ, ಅವರ ಯುದ್ಧದಲ್ಲಿ ನಾನು ಹೊರೆ ಹೊತ್ತೆ. ಅವರ ಮೆಟ್ಟಿಲಿಗೆ ಕಲ್ಲು ಹೊತ್ತೆ. ನಂಗೆ ಪೆನ್ಶನ್ ಬರಲ್ವಾ?"

"ನಿಮ್ಮದು ತಾತ್ಕಾಲಿಕ ಕೆಲಸ ಆಗಿತ್ತು ಮಾಮ."

"ಬೆನ್ನುನೋವು ಕಾಯಂ ಆಯ್ತಲ್ಲ ಬ್ವಾನ. ಅದನ್ನಾದ್ರೂ ಅವರೂರಿಗೆ ವರ್ಗ ಮಾಡಿಸಿ."

ಜನ ನಕ್ಕರು. ಲುಕಾಲಿಯೂ ನಕ್ಕ. ಕೊಬೆಲೊ ಮಾತ್ರ ನಗಲಿಲ್ಲ. ಅವನು ಎದ್ದು ಅಪ್ಪಣೆ ಹೊರಡಿಸಿದ: ಮನೆಗೊಂದು ಗುದ್ದಲಿ, ಅವರವರ ಹೊಲದ ಮೆಟ್ಟಿಲನ್ನು ಅವರವರೇ ಕಡಿದು ನೇರ ಮಾಡಬೇಕು, ಇದು ರಾಷ್ಟ್ರ ಕಟ್ಟುವ ಕೆಲಸ. ಹೆಂಗಸರು ಡೋಲು ತಂದು ಸ್ವಾಗತದ ಹಾಡು ಹಾಡಬೇಕು.

"ನಂದೊಂದು ಮಾತು," ಎಂದಳು ಅಕ್ಕ, ಮಕ್ಕಳ ಚಾಪೆಯಿಂದ.

"ಮಕ್ಕಳು ಸುಮ್ನಿರ್ಬೇಕು," ಎಂದ ಕೊಬೆಲೊ. ಮತ್ತೆ ನಗು. ಹೆಂಗಸರ ಚಾಪೆಯಿಂದಲೂ ನಗು ಬಂತು. ಅದನ್ನು ನಾನು ಕೇಳಿದೆ.

ಅಕ್ಕ ಎದ್ದು ನಿಂತಳು. "ಸರಿ ಅಧ್ಯಕ್ಷರೇ. ಮಕ್ಕಳು ಸುಮ್ನಿದ್ರೆ ಮಕ್ಕಳ ಗುದ್ದಲೀನೂ ಸುಮ್ನಿರುತ್ತೆ. ನಾನು ಅಗೆಯಲ್ಲ. ನಮ್ಮವ್ವನ ಹೊಲಕ್ಕೆ ಬೇರೆಯವರು ಕಾಲಿಟ್ರೆ ಆ ಕಾಲು ಊದಿಸಿ ಕಳಿಸ್ತೀನಿ."

ನಮ್ಮಲ್ಲಿ ನೆಲ ತಾಯಿಯ ಕಡೆಯಿಂದ ಬರುತ್ತದೆ. ಅವ್ವ ತೀರಿಕೊಂಡ ಮೇಲೆ ಆ ಹೊಲ ಮ್ವಾಜಬುವಿನದು. ಅದು ಬೆಟ್ಟದ ನಟ್ಟನಡುವೆ ಇತ್ತು. ಫೋಟೋದಲ್ಲಿ ಮೊದಲು ಕಾಣುವುದು ಅದೇ.

ಮರುದಿನ ಕೊಬೆಲೊ ನನ್ನ ತರಗತಿಯ ಬಾಗಿಲಿಗೆ ಬಂದು ನಿಂತ. ಮಕ್ಕಳು ಎದ್ದು ನಮಸ್ಕರಿಸಿದರು.

"ಇದ್ರಿಸ ಮೇಷ್ಟ್ರೇ, ನಿಮ್ಮಕ್ಕಂಗೆ ಬುದ್ಧಿ ಹೇಳಿ. ಊರಿಗೆ ಬರೋ ರಸ್ತೆಗೆ ಅಡ್ಡ ಕೂತಿದಾಳೆ. ಮೇಷ್ಟ್ರ ನೌಕರಿ ಅನ್ನೋದು ಪಕ್ಷದ ಕೈಯಲ್ಲಿರುತ್ತೆ, ಮರೀಬೇಡಿ."

"ನನ್ನ ಕೆಲಸ ಮಕ್ಕಳಿಗೆ ಓದು ಕಲಿಸೋದು," ಎಂದೆ. "ಅಕ್ಕಂಗೆ ಅಗೆಯೋದು ಕಲಿಸಿದ್ದು ನೀವು. ನೀವೇ ಹೋಗಿ ಹೇಳಿ."

ಅವನು ಹೋಗಲಿಲ್ಲ. ಬಾಂಜಿ ಮಾವನನ್ನು ಕಳಿಸಿದ. ಮಾವ ಅಕ್ಕನ ಅಂಗಳದಲ್ಲಿ ಕೂತು ಬಹಳ ಹೊತ್ತು ಗಡ್ಡ ಕೆರೆದುಕೊಂಡ.

"ಒಂದು ದಿನದ ಕೆಲಸ ಕಣವ್ವ. ಮೇಲೆ ಮೇಲೆ ಕೆರೆದುಬಿಡು. ರಸ್ತೆ ಬಂದ್ರೆ ನಿನ್ನ ಬಾಳೆಗೊನೆ ಲಾರೀಲಿ ಹೋಗುತ್ತೆ. ತಲೆ ಮೇಲೆ ಹೊರೋದು ತಪ್ಪುತ್ತೆ."

"ಮಾಮ, ರಸ್ತೆ ಬೇಡ ಅಂದ್ನಾ ನಾನು? ರಸ್ತೆಗೆ ಅಗೀರಿ ಅಂದ್ರೆ ನಾಳೇನೇ ಅಗೀತೀನಿ. ಅವನು ಮಾಡಿದ್ದು ಒಳ್ಳೇದಾಯ್ತು ಅಂತ ಸಾಕ್ಷಿ ಹೇಳೋಕೆ ಅಗೆಯಲ್ಲ. ಈ ಕೈಲಿ ಸುಳ್ಳು ಸಾಕ್ಷಿ ಹೇಳಿಸ್ಬೇಡಿ."

ಅವಳು ಅಂಗೈ ಮುಂದೆ ಚಾಚಿದಳು. ಮಾವ ಆ ಕಡೆ ನೋಡಲಿಲ್ಲ.

ಆಮೇಲೆ ಅವಳು ನೇರವಾಗಿ ಸಿಕುಜುವಾ ಅಜ್ಜಿಯ ಮನೆಗೆ ನಡೆದಳು. ನಾನೂ ಹಿಂದೆ ಹೋದೆ. ಅಂಗಳದಲ್ಲಿ ಹೆಂಗಸರು ಸ್ವಾಗತದ ಹಾಡು ಕಲಿಯುತ್ತಿದ್ದರು. ಅಜ್ಜಿಯ ತೊಡೆಗಳ ನಡುವೆ ಡೋಲು. ಅದು ಮ್ವಾಲಿಯರನ್ನು ಹೊರತರುವ ಡೋಲು. ಊರಿನಲ್ಲಿ ದೊಡ್ಡದೆಂದರೆ ಅದೊಂದೇ. ಅಕ್ಕನನ್ನು ಕಂಡು ಹಾಡು ನಿಂತಿತು. ಡೋಲಿನ ಹತ್ತಿರ ಅವಳು ಬರುವಂತಿರಲಿಲ್ಲ.

ಅವಳು ಬೇಲಿಯ ಆಚೆಯೇ ನಿಂತಳು.

"ಅಜ್ಜಿ, ಡೋಲು ಕೇಳೋಕೆ ಬಂದಿಲ್ಲ, ಹೆದರ್ಬೇಡಿ. ಒಂದೇ ಒಂದು ಮಾತು ಕೇಳಿ ಹೋಗ್ತೀನಿ. ಅವನು ನನ್ನ ಎಳೆದು ತಂದ ದಿನ ನೀವೆಲ್ಲ ಬೆನ್ನು ತಿರುಗಿಸಿದ್ರಿ. ಶಾಸ್ತ್ರ, ಒಪ್ಕೊಂಡೆ. ಅವತ್ತಿಂದ ಇವತ್ತಿನವರೆಗೆ ನಂಗೋಸ್ಕರ ಯಾರೂ ಬಾಯಿ ತೆರೆದು ಒಂದು ಹಾಡು ಹೇಳಿಲ್ಲ. ಈಗ ಅದೇ ಬಾಯಲ್ಲಿ, ಅದೇ ಡೋಲು ಬಡಿದು, ಅವನಿಗೆ ಹಾಡ್ತೀರಾ?"

ಯಾರೋ ಕೆಮ್ಮಿದರು. ಒಬ್ಬಳು, "ಎಂಪಿ ಹೇಳಿದಾರಲ್ಲೇ," ಎಂದಳು, ಸಣ್ಣ ದನಿಯಲ್ಲಿ.

"ಎಂಪಿ ಹೇಳಿದ್ರೆ ಶಾಸ್ತ್ರ ಮುರಿಯುತ್ತೆ. ಮ್ವಾಜಬುಗೆ ಅಂದ್ರೆ ಮುರಿಯಲ್ಲ. ಗೊತ್ತಾಯ್ತು ಬಿಡಿ."

ಸಿಕುಜುವಾ ಅಜ್ಜಿಯ ಕೈ ಡೋಲಿನ ಚರ್ಮದ ಮೇಲೆ ಬಿದ್ದಿತ್ತು. ನಾವು ದಾರಿಯ ತಿರುವು ಮುಟ್ಟುವವರೆಗೂ ಹಿಂದೆ ಹಾಡು ಮತ್ತೆ ಏಳಲಿಲ್ಲ.

ಆ ವಾರ ಬೆಟ್ಟದ ತುಂಬ ಗುದ್ದಲಿಗಳ ಸದ್ದು. ಜನ ಅಗೆದರು. ರಸ್ತೆಯ ಆಸೆಗೆ ಅಗೆದರು, ಕೊಬೆಲೊನ ಹೆದರಿಕೆಗೆ ಅಗೆದರು. ಅವರನ್ನು ನಾನು ಹಳಿಯುವುದಿಲ್ಲ. ಕೆಂಪು ಮಣ್ಣಿನ ಅಂಚುಗಳು ಮತ್ತೆ ನೇರವಾಗಿ ಎದ್ದವು. ಕೊಬೆಲೊ ಮೇಲಿನ ಸಾಲಿನಲ್ಲಿ ನಿಂತು ಹಳೆಯ ದನಿಯಲ್ಲೇ ಕೂಗಿದ. ನಡುವೆ ಒಂದು ಹೊಲ ಮಾತ್ರ ಹುಲ್ಲು ಹೊತ್ತು ಹಾಗೆಯೇ ಉಳಿಯಿತು.

ಅತಿಥಿಗಳು ಹತ್ತಿ ಬಂದ ದಿನ ಅಕ್ಕ ಆ ಹುಲ್ಲಿನ ನಡುವೆ ಕುಳಿತಿದ್ದಳು. ಗುದ್ದಲಿ ತೊಡೆಯ ಮೇಲೆ ಅಡ್ಡ. ಏಳಿಸಲು ಹೋದ ಇಬ್ಬರು ಪಕ್ಷದ ಹುಡುಗರು ಬಯ್ಗುಳ ತಿಂದು ವಾಪಸು ಬಂದಿದ್ದರು. ಎಳೆಯಲು ಅವರಿಗೆ ಧೈರ್ಯವಿರಲಿಲ್ಲ. ಆಗಲೇ ಕ್ಯಾಮೆರಾ ಬಂದುಬಿಟ್ಟಿತ್ತು.

ಥರ್ಲೋ ಮುದುಕನಾಗಿದ್ದ. ಹುಲ್ಲಿನ ಟೋಪಿ, ಕೈಯಲ್ಲಿ ಬೆತ್ತ. ಏದುಸಿರು ಬಿಡುತ್ತ ಹತ್ತಿ, ಮೆಟ್ಟಿಲುಗಳನ್ನು ಕಂಡು ನಿಂತ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಯಿತು. ನಟನೆ ಎಂದು ನಾನು ಹೇಳಲಾರೆ. ನನ್ನ ಸಿಟ್ಟು ಅದಕ್ಕೇ ಹೆಚ್ಚಾಯಿತು.

ಮಾವಿನ ಮರದಡಿಯ ಬದಲು ಸಭೆ ಅಲ್ಲಿಯೇ ಹೊಲಗಳ ನಡುವೆ ಸೇರಿತು. ಥರ್ಲೋ ನಮ್ಮ ಭಾಷೆಯಲ್ಲಿ ಮಾತನಾಡಿದ. ಉಳಿದ ಇಬ್ಬರು ಬಿಳಿಯರಿಗೆ ನಾನು ಅನುವಾದಿಸಬೇಕಿತ್ತು.

"ಈ ಬೆಟ್ಟಕ್ಕೆ ನಾನು ನನ್ನ ಯೌವನ ಕೊಟ್ಟೆ," ಎಂದ ಥರ್ಲೋ.

"ನಂದನ್ನೂ ಕೊಟ್ಟುಬಿಟ್ಟೆ ನೀನು," ಎಂದಳು ಅಕ್ಕ.

ಅವನನ್ನು ಆ ಬೆಟ್ಟದಲ್ಲಿ ಅದುವರೆಗೆ ಯಾರೂ 'ನೀನು' ಎಂದಿರಲಿಲ್ಲ.

ಲುಕಾಲಿ ನನ್ನ ಕಿವಿಯ ಬಳಿ ಬಂದ. "ಮೇಷ್ಟ್ರೇ, ಅದನ್ನ ಹೇಳ್ಬೇಡಿ. ಸ್ವಾಗತ ಕೋರಿದ್ಲು ಅಂತ ಹೇಳಿ."

ನಾನು ಅವಳು ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಪತ್ರಿಕೆಯವನು ಬರೆದುಕೊಂಡ.

ಅಕ್ಕ ಎದ್ದು ಬಂದಳು. ಥರ್ಲೋನ ಎದುರು ನಿಂತಳು. "ಗುರುತು ಸಿಕ್ತಾ? ಕತ್ತಲಮನೆಯಿಂದ ಎಳೆಸಿದ್ಯಲ್ಲ. ಬಿಸಿಲು ಮೈಗೆ ಒಳ್ಳೇದು ಅಂದ್ಯಲ್ಲ. ಹೊಸ್ತಿಲಲ್ಲಿ ಅಡ್ಡ ಮಲಗಿದ್ದೋಳು ನಮ್ಮವ್ವ. ಅವಳ ಕಾಲು ಕೊನೆಗೂ ವಾಸಿಯಾಗ್ಲಿಲ್ಲ."

ಅವನು ಅವಳ ಮುಖವನ್ನು ಹುಡುಕಿದ. ಪ್ರಾಮಾಣಿಕವಾಗಿಯೇ ಹುಡುಕಿದ. ಕೊನೆಗೆ ತಲೆಯಾಡಿಸಿದ. "ನನಗೆ ನೆನಪಿಲ್ಲ ತಾಯಿ. ಎಷ್ಟೊಂದು ಜನ ಇದ್ರು. ಬೇಸರ ಆಗಿದ್ರೆ ಕ್ಷಮಿಸಿ. ನಾನು ನನ್ನ ಕರ್ತವ್ಯ ಮಾಡಿದೆ."

"ನಿಂಗೆ ನೆನಪಿಲ್ಲ. ನೀನು ಮರೆತದ್ದಕ್ಕೂ ನಾವೇ ಸಂಬಳ ಕೊಡ್ಬೇಕಾ?"

ಅದನ್ನೂ ನಾನು ಅನುವಾದಿಸಿದೆ. ಒಂದು ಕಡೆಯೂ ವ್ಯಾಕರಣ ತಪ್ಪಲಿಲ್ಲ.

"ಹಾಡು! ಹಾಡು ಶುರು ಮಾಡಿ!" ಎಂದು ಕೊಬೆಲೊ ಹೆಂಗಸರ ಕಡೆ ತಿರುಗಿ ಕಿರುಚಿದ. "ಅಜ್ಜಿ, ಡೋಲು ಬಾರಿಸಿ! ಇನ್ನೇನು ನೋಡ್ತೀರಿ?"

ಸಿಕುಜುವಾ ಅಜ್ಜಿ ಡೋಲಿನ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡಳು. ಥರ್ಲೋನನ್ನು ನೋಡಿದಳು. ಆಮೇಲೆ ಮ್ವಾಜಬುವಿನ ಮುಖವನ್ನು ನೋಡಿದಳು. ಅಕ್ಕನನ್ನು ಎಳೆದು ತಂದ ದಿನದಿಂದೀಚೆಗೆ ಮೊದಲ ಸಲ ನೆಟ್ಟಗೆ ನೋಡಿದಳು.

ಡೋಲು ಎದ್ದಿತು.

ಅದು ಸ್ವಾಗತದ ಪೆಟ್ಟಾಗಿರಲಿಲ್ಲ. ಮೊದಲ ಬಡಿತಕ್ಕೇ ಬೆಟ್ಟದ ಪ್ರತಿಯೊಬ್ಬ ಹೆಂಗಸಿಗೂ ಅದು ಯಾವುದೆಂದು ಗೊತ್ತಾಯಿತು. ಬಾಗಿಲು ತೆರೆಯುವಾಗ ಬಾರಿಸುವ ಪೆಟ್ಟು. ಮ್ವಾಲಿ ಹೊರಗೆ ಬರುತ್ತಿದ್ದಾಳೆ, ದಾರಿ ಬಿಡಿ ಎನ್ನುವ ಪೆಟ್ಟು.

"ಏನಜ್ಜಿ ಇದು?" ಎಂದ ಕೊಬೆಲೊ. "ಶಾಸ್ತ್ರ ಕೆಡ್ತಿದೆ! ಇವಳು ಬಿಸಿಲು ಕಂಡವಳು!"

"ಇವಳು ಬಿಸಿಲು ಕಾಣ್ಲಿಲ್ಲ ಕಣೋ, ನೀವು ತೋರಿಸಿದ್ರಿ," ಎಂದಳು ಅಜ್ಜಿ, ಕೈ ನಿಲ್ಲಿಸದೆ. "ಶಾಸ್ತ್ರ ನಂದು. ತಪ್ಪು ತೀರ್ಪು ಕೊಟ್ಟೋಳೂ ನಾನೇ. ಸರ್ಕೋ ಆಚೆ."

ಹೆಂಗಸರು ಮುನ್ನುಗ್ಗಿದರು. ಒಬ್ಬಳು ತಾನು ಹೊದ್ದಿದ್ದ ಹೊಸ ಕಾಂಗಾ ಬಟ್ಟೆ ಬಿಚ್ಚಿ ಅಕ್ಕನ ಹೆಗಲಿಗೆ ಹೊದಿಸಿದಳು. ಇನ್ನೊಬ್ಬಳು, ಸಭೆಯಲ್ಲಿ ನಕ್ಕವಳೇ, ಕುಕ್ಕರುಗಾಲಿನಲ್ಲಿ ಕೂತು ಹೆಗಲು ಕೊಟ್ಟಳು. "ಹತ್ತೇ ಮಾರಾಯ್ತಿ. ಇಷ್ಟು ವರ್ಷ ಮುದ್ದೆ ತಿಂದು ಬಲಿತಿದೀಯ, ನನ್ನ ಸೊಂಟ ಮುರೀಬೇಡ." ಅಕ್ಕ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಅವಳ ಕೂದಲು ವಯಸ್ಸಿಗೆ ಮೊದಲೇ ಕಿವಿಯ ಬಳಿ ನರೆತಿತ್ತು. ಹಾಗೆ ನರೆತ ಮ್ವಾಲಿಯನ್ನು ನಮ್ಮ ಬೆಟ್ಟ ಎಂದೂ ಕಂಡಿರಲಿಲ್ಲ.

ಹೆಗಲ ಮೇಲೆ ಕೂತ ಮ್ವಾಲಿ ಕಣ್ಣು ತಗ್ಗಿಸಿರಬೇಕು. ಅವಳು ತಗ್ಗಿಸಲಿಲ್ಲ.

ಕುಣಿತ ಇಳಿಜಾರಿನಲ್ಲಿ ಕೆಳಗಿಳಿಯಿತು. ಹೊಸದಾಗಿ ಕಡಿದ ಅಂಚುಗಳ ಮೇಲೆ ಹೆಂಗಸರ ಹಿಮ್ಮಡಿಗಳು ಬಿದ್ದವು. ಕೆಂಪು ಮಣ್ಣು ಕುಸಿಯಿತು. ಒಂದು ಮೆಟ್ಟಿಲು, ಅದರ ಕೆಳಗಿನ ಮೆಟ್ಟಿಲು, ಅದರ ಕೆಳಗಿನದು. ಆ ವಾರ ಅಗೆದ ಗಂಡಸರೂ ಇಳಿದರು. ತಾವೇ ಕಡಿದದ್ದನ್ನು ತಾವೇ ತುಳಿದರು. ಬಾಂಜಿ ಮಾವ ಕೋಲಿನಿಂದ ಅಂಚನ್ನು ಕುಟ್ಟುತ್ತ ಇಳಿದ. ಕೊಬೆಲೊ ತೋಳು ಚಾಚಿ ಅತ್ತಿಂದಿತ್ತ ಓಡುತ್ತಿದ್ದ. "ಅಂಚು! ಅಂಚು ಒಡೀಬೇಡ್ರೋ!" ಅವನ ದನಿ ಡೋಲಿನಡಿ ಮುಳುಗಿಹೋಯಿತು. ಕ್ಯಾಮೆರಾ ಕ್ಲಿಕ್ಕಿಸುತ್ತಲೇ ಇತ್ತು. ಲುಕಾಲಿ ಅದಕ್ಕೆ ಅಂಗೈ ಅಡ್ಡ ಹಿಡಿಯುತ್ತಿದ್ದ.

ಥರ್ಲೋ ಟೋಪಿ ತೆಗೆದು ನಿಂತಿದ್ದ. ನನ್ನನ್ನು ಕೇಳಿದ: "ಏನಿದು? ಯಾರದಾದ್ರೂ ಮದುವೆಯೇ?"

"ಹದಿನಾರು ವರ್ಷದ ಹುಡುಗಿಯೊಬ್ಬಳು ಮನೆಯಿಂದ ಹೊರಗೆ ಬರ್ತಿದಾಳೆ," ಎಂದೆ. "ಸರಿಯಾದ ಬಾಗಿಲಿಂದ."

ಮ್ವಾಲಿಯ ಕಾಲು ತಾಯಿಯ ಮನೆ ಮುಟ್ಟುವವರೆಗೆ ನೆಲಕ್ಕೆ ತಾಗಬಾರದು. ಮನೆ ಇನ್ನೂ ದೂರವಿತ್ತು. ಅಕ್ಕ ತನ್ನನ್ನು ಹೊತ್ತವಳ ತಲೆಯನ್ನು ತಟ್ಟಿದಳು.

"ಇಳಿಸೇ."

"ಶಾಸ್ತ್ರ ಕಣೇ, ಸುಮ್ನಿರು!"

"ಅವತ್ತು ಇದೇ ಕಲ್ಲಲ್ಲಿ ನಡೆಸ್ಕೊಂಡು ಬಂದ್ರು. ಇವತ್ತು ನಾನೇ ನಡೀತೀನಿ. ಇಳಿಸು."

ಹೆಂಗಸರು ಅಜ್ಜಿಯನ್ನು ನೋಡಿದರು. ಅಜ್ಜಿ ಬಡಿತ ನಿಲ್ಲಿಸಲಿಲ್ಲ, ಆಗಲಿ ಎಂದು ತಲೆಯಾಡಿಸಿದಳು. ಅಕ್ಕ ಇಳಿದಳು. ಪಿಂಚಣಿಯ ಅತಿಥಿಗಳು ಹಾದಿಯ ನಡುವೆಯೇ ನಿಂತಿದ್ದರು. ಅವಳು ಬಳಸಿ ಹೋಗಲಿಲ್ಲ. ಅವರು ಪಕ್ಕಕ್ಕೆ ಸರಿಯುವವರೆಗೆ ಕಾದಳು. ಸರಿದರು. ಚೂಪುಗಲ್ಲುಗಳ ಆ ದಾರಿಯಲ್ಲಿ ಅವಳು ಕೆಳಗೆ ನೋಡದೆ ನಡೆದಳು, ಹಿಂದೆ ಡೋಲು, ಡೋಲಿನ ಹಿಂದೆ ಇಡೀ ಬೆಟ್ಟ. ಅವಳ ಅಂಗಾಲು ಈಗ ಮೆತ್ತಗಿರಲಿಲ್ಲ.